ಎಮ್ಮೆಯ ಮಾತನ್ನು ಯಾರೂ ಎತ್ತಲಿಲ್ಲ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆಯೇ ಒಂದು ಕಾಲೇಜಿನಲ್ಲಿ ಸಮಾಜಕಾರ್ಯದ ಉಪನ್ಯಾಸಕಿ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾತು ಪಠ್ಯಕ್ರಮದ ಕಡೆಗೆ ತಿರುಗಿತು. ಮೇಷ್ಟರುಗಳಿಬ್ಬರು ಕೂಡಿದರೆ ಬೇರೆ ಯಾವ ಕಡೆಗೆ ತಿರುಗೀತು? “ಸರ್, ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಣಿಗಳನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಬಗೆಯನ್ನು ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಪಾಠವಾಗಿ ಹೇಳಿಕೊಡುತ್ತಾರೆ. ನಮ್ಮಲ್ಲಿಯೂ ಅದನ್ನು ಐಚ್ಛಿಕ ವಿಷಯವಾಗಿ ಇಡಬಾರದೇಕೆ ಎಂದು ಸಭೆಯಲ್ಲಿ ಕೇಳಿದೆ. ಎಲ್ಲರೂ ನಕ್ಕುಬಿಟ್ಟರು. ಮಗುವಿನ ಮುಂದೆ ನಾಯಿಯನ್ನು ಬಿಟ್ಟರೆ ಮಗು ತಾನಾಗಿ ಆಡುತ್ತದೆ, ಅದರಲ್ಲಿ ಕಲಿಸುವುದಕ್ಕೇನಿದೆ ಎಂದರು. ನೀವೇನು ಹೇಳುತ್ತೀರಿ?” ಎಂದು ಕೇಳಿದಳು.

ನಾನು ಕೂಡಲೆ ಏನನ್ನೂ ಹೇಳಲಿಲ್ಲ. ಹೇಳುವುದಕ್ಕೆ ಇರಲಿಲ್ಲವೆಂದಲ್ಲ, ಆ ಪ್ರಶ್ನೆಗೆ ನನ್ನ ಬಾಳಿನಲ್ಲಿ ಎರಡು ಉತ್ತರಗಳುಂಟು. ಒಂದು ಉತ್ತರ ಒಂದು ಎಮ್ಮೆ. ಇನ್ನೊಂದು ಒಂದು ನಾಯಿ. ಎಮ್ಮೆಯ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ಮೆಚ್ಚುಗೆ ಪಡೆದವನು ನಾನು. ನಾಯಿಯ ಕಥೆಯನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅಂದು ಆಕೆಗೆ ಹೇಳಿದೆ. ಹೇಳಿದ ಮೇಲೆ, ಬರೆಯುವುದೂ ಒಳ್ಳೆಯದೆಂದು ತೋರಿತು.

ಎಮ್ಮೆಯ ಕಥೆ 1984ರದು. ನನಗಾಗ ಇಪ್ಪತ್ತಾರು ವರ್ಷ. ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತನಾಗಿ ಸೇರಿ ಒಂದು ವರ್ಷವಾಗಿತ್ತು. ಬಯಲುಸೀಮೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸನ್ನು ಆಕೆಯ ತಮ್ಮ ಕರೆತಂದು ಸೇರಿಸಿದ. ವಯಸ್ಸು ಐವತ್ತರ ಆಚೆ ಈಚೆ, ವಿಧವೆ. ಇದ್ದೊಬ್ಬ ಮಗ ಆ ವರ್ಷ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅಂದಿನಿಂದ ಆಕೆ ಮಾತು ಬಿಟ್ಟಳು, ಊಟ ಬಿಟ್ಟಳು. ನಮ್ಮಲ್ಲಿ ಒಂಬತ್ತು ದಿನ ಇದ್ದಳು. ವೈದ್ಯರು ಕೇಳಿದರು, ದಾದಿಯರು ಕೇಳಿದರು, ನಾನೂ ನನ್ನ ಹಾಳೆಯನ್ನು ಹಿಡಿದುಕೊಂಡು ಮಂಚದ ಪಕ್ಕದಲ್ಲಿ ಕುಳಿತು ಕೇಳಿದೆ. ಕುಟುಂಬದಲ್ಲಿ ಎಷ್ಟು ಜನ, ಜಮೀನು ಎಷ್ಟು, ಸಾಲ ಉಂಟೆ, ವಂಶದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೆ? ಆಕೆ ಗೋಡೆಯನ್ನು ನೋಡುತ್ತಿದ್ದಳು. ಹತ್ತನೆಯ ದಿನ ಬೆಳಗ್ಗೆ ನೋಡಿದರೆ ಹಾಸಿಗೆ ಬರಿದಾಗಿತ್ತು. ರೋಗಿಯ ಪತ್ರದಲ್ಲಿ ‘ಚಿಕಿತ್ಸೆಗೆ ಸಹಕರಿಸಲಿಲ್ಲ’ ಎಂದು ಬರೆಯಲಾಯಿತು. ಬರೆದ ಕೈ ನನ್ನದೇ.

ನಾಲ್ಕು ದಿನ ಕಳೆದು, ಮನೆಯನ್ನು ಮುಟ್ಟಿದ್ದಾಳೆಯೇ ನೋಡಿಬರಲು ನನ್ನನ್ನು ಕಳುಹಿಸಿದರು. ಬಸ್ಸು ಇಳಿದು ಎರಡು ಮೈಲಿ ನಡೆದು ಊರು ಸೇರುವ ಹೊತ್ತಿಗೆ ದನಕರು ಮನೆಗೆ ತಿರುಗುವ ಸಮಯ. ತೋರಿಸಿದ ಮನೆಯ ಬಾಗಿಲು ತೆರೆದಿತ್ತು; ಒಳಗೆ ಯಾರೂ ಇಲ್ಲ. ಪಕ್ಕದ ಕೊಟ್ಟಿಗೆಯಿಂದ ಒಂದು ಧ್ವನಿ ಕೇಳಿಸಿತು. ಸ್ವಲ್ಪ ಗದರಿಕೆ, ಸ್ವಲ್ಪ ಅಳಲು, ನಡುನಡುವೆ ಮುದ್ದು. “ಹದಿನೈದೊಪ್ಪತ್ತಿಗೆ ಮೂಳೆ ಎಣಿಸೋ ಹಂಗಾಗಿದ್ದೀಯಲ್ಲೇ ಚೆಲುವಿ! ನಿಂಗೆ ನೀರು ತೋರಿಸೋರು ಒಬ್ರೂ ಇರ್ಲಿಲ್ವೇನೇ?” ಬಾಗಿ ನೋಡಿದೆ. ಒಂಬತ್ತು ದಿನ ನಮ್ಮ ಮುಂದೆ ತುಟಿ ಬಿಚ್ಚದಿದ್ದ ಹೆಂಗಸು ಗೊಂತಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಎಮ್ಮೆಯೊಡನೆ ಮಾತನಾಡುತ್ತಿದ್ದಳು.

ನನ್ನ ಚೀಲದಲ್ಲಿ ಮುದ್ರಿತ ಪ್ರಶ್ನೆಗಳ ಹಾಳೆ ಇತ್ತು. ಅದನ್ನು ಹೊರಗೆ ತೆಗೆಯಲು ನಾಚಿಕೆಯಾಯಿತು. ಏನು ಕೇಳಬೇಕೆಂದು ತಿಳಿಯದೆ, ಅಜ್ಜಿಯ ಮನೆಯಲ್ಲಿ ದನದ ನಡುವೆ ಬೆಳೆದವನ ಬಾಯಿಗೆ ಸಹಜವಾಗಿ ಬರುವ ಮಾತನ್ನು ಕೇಳಿದೆ: “ಇದು ಎಷ್ಟನೇ ಸೂಲಮ್ಮ?” ಆಕೆ ತಿರುಗಿ ನೋಡಿದಳು; ಗುರುತು ಹಿಡಿದಳೆಂದು ಕಾಣುತ್ತದೆ. ಆದರೆ ಮುಖ ತಿರುಗಿಸಲಿಲ್ಲ. “ಮೂರನೇದು,” ಎಂದಳು. ಹೊಸ್ತಿಲ ಮೇಲೆ ಕುಳಿತೆ. ಮೊದಲ ಕರು ಏನಾಯಿತು, ಎರಡನೆಯದನ್ನು ಯಾವ ಸಂತೆಯಲ್ಲಿ ಮಾರಿದರು, ಹಿಂಡಿಯ ಬೆಲೆ ಎಲ್ಲಿಗೆ ಏರಿತು—ಹೀಗೆ ಮಾತು ಹೋಗುತ್ತ ಹೋಗುತ್ತ, ಚೆಲುವಿಯನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತಿಕ್ಕುತ್ತಿದ್ದವನು ಯಾರು ಎಂಬಲ್ಲಿಗೆ ಬಂದು ನಿಂತಿತು. ಮಗ. ಅಲ್ಲಿ ಆಕೆ ಅತ್ತಳು. ಬೇಸಗೆಯಿಂದ ಅಳದೆ ಉಳಿದ ಅಳು. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ಒಂದು ಸಲ ಆಕೆಯ ಹೆಗಲನ್ನು ಮೂಸಿತು. ಮತ್ತೆ ತನ್ನ ಕೆಲಸಕ್ಕೆ ಹೋಯಿತು. ಅದು ದುಃಖವನ್ನು ಅರಿತು ಮೂಸಿತೆಂದು ನಾನು ಹೇಳಲಾರೆ. ಉಪ್ಪಿಗೆ ಮೂಸಿದ್ದರೂ ಮೂಸಿರಬಹುದು.

ಹೊರಡುವಾಗ ಕೇಳಿದೆ: “ಅಮ್ಮ, ಆಸ್ಪತ್ರೆಯಿಂದ ಹೇಳದೆ ಬಂದುಬಿಟ್ಟಿರಲ್ಲ?” ಆಕೆಯ ಉತ್ತರವನ್ನು ನಾನು ಮರೆತಿಲ್ಲ. “ಇದ್ರ ಸಗಣಿ ಬಾಚಿದ್ರೋ ಇಲ್ವೋ, ನೀರು ಕುಡಿಸಿದ್ರೋ ಇಲ್ವೋ ಅಂತ ಯಾರ್ನ ಕೇಳ್ಲಿ ಸ್ವಾಮಿ? ಅಷ್ಟು ಜನ ಬಂದು ಬಂದು ಕೇಳಿದ್ರಿ. ಎಮ್ಮೆ ಮಾತು ಯಾರೂ ಎತ್ಲಿಲ್ಲ.”

ಆಮೇಲಿನ ನಾಲ್ಕು ತಿಂಗಳು ವಾರಕ್ಕೊಮ್ಮೆ ಆ ಕೊಟ್ಟಿಗೆಗೆ ಹೋದೆ. ವೈದ್ಯರು ಒಳ್ಳೆಯವರು; ಅಲ್ಲಿಂದಲೇ ಔಷಧ ಕೊಡಲು ಒಪ್ಪಿದರು. ಬೆಳಗಿನ ಗುಳಿಗೆ ಬೆಳಗ್ಗೆ ಹಾಲು ಕರೆದ ಮೇಲೆ, ಸಂಜೆಯದು ಸಂಜೆ ಕರೆದ ಮೇಲೆ ಎಂದು ಗೊತ್ತುಮಾಡಿದೆವು. ಗಡಿಯಾರವಿಲ್ಲದ ಮನೆಯಲ್ಲಿ ಎಮ್ಮೆಯ ಕೆಚ್ಚಲಿಗಿಂತ ನಿಯಮವಾದ ಗಡಿಯಾರ ಇನ್ನಾವುದು? ಆಕೆ ಉಣ್ಣತೊಡಗಿದಳು, ನೆರೆಯವರೊಡನೆ ಎರಡು ಮಾತನಾಡತೊಡಗಿದಳು. ಮಗ ಹೋದ ದುಃಖ ಹೋಗಲಿಲ್ಲ, ಹೋಗುವಂಥದೂ ಅಲ್ಲ.

ಇಷ್ಟು ನನ್ನ ಒಳ್ಳೆಯ ಕಥೆ. ಇದರಿಂದ ನನಗೆ ಬಂದ ಅಹಂಕಾರ ಸಣ್ಣದಲ್ಲ. ಯಾರಿಗೂ ಹೊಳೆಯದ ಒಂದು ಮಾರ್ಗವನ್ನು ಕಂಡುಹಿಡಿದೆನೆಂದು ಒಳಗೊಳಗೇ ಬೀಗಿದೆ. ಅದು ಹೊಸ ಮಾರ್ಗವೇನೂ ಅಲ್ಲವೆಂಬುದು ಪುಸ್ತಕಾಲಯದಲ್ಲಿ ಕುಳಿತ ಮೇಲೆ ತಿಳಿಯಿತು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ಎಂಬ ಸಹೃದಯ ವರ್ತಕ 1796ರಲ್ಲಿ ‘ರಿಟ್ರೀಟ್’ ಎಂಬ ಹೆಸರಿನ ಒಂದು ಮನೋರೋಗಿಗಳ ಧಾಮವನ್ನು ತೆರೆದ. ಹುಚ್ಚರೆಂದು ಹೆಸರಿಟ್ಟವರನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದ ಕಾಲ ಅದು. ಅಲ್ಲಿಯ ಅಂಗಳಗಳಲ್ಲಿ ರೋಗಿಗಳ ನಡುವೆ ಮೊಲ, ಕೋಳಿ, ಕಡಲಹಕ್ಕಿ, ಡೇಗೆಗಳನ್ನು ಬಿಟ್ಟಿದ್ದರೆಂದು ಆತನ ಮೊಮ್ಮಗ ಸ್ಯಾಮ್ಯುಅಲ್ ಟ್ಯೂಕ್ 1813ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಬಹುಕಾಲ ಹಾಸಿಗೆ ಹಿಡಿದವರಿಗೆ ಒಂದು ಪುಟ್ಟ ಪ್ರಾಣಿಯ ಸಂಗ ಹಿತವೆಂದು ಫ್ಲಾರೆನ್ಸ್ ನೈಟಿಂಗೇಲ್ ಕೂಡ ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಹೇಳಿದ್ದಳು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಬರೆದದ್ದು. ಮಾತು ಬಿಟ್ಟು ತನ್ನೊಳಗೇ ಮುದುಡಿಕೊಂಡಿದ್ದ ಒಬ್ಬ ಹುಡುಗನನ್ನು, ಬೇರೆ ಚಿಕಿತ್ಸೆಗಳೆಲ್ಲ ಸೋತ ಮೇಲೆ, ತಾಯಿ ಲೆವಿನ್‌ಸನ್ ಬಳಿಗೆ ಕರೆತಂದಳು. ಗೊತ್ತುಮಾಡಿದ ವೇಳೆಗಿಂತ ಬಹಳ ಮುಂಚೆಯೇ ಬಂದರು. ಆತನ ನಾಯಿ ಜಿಂಗಲ್ಸ್ ಮೇಜಿನ ಬಳಿ ಮಲಗಿತ್ತು. ಸಾಮಾನ್ಯವಾಗಿ ರೋಗಿಗಳು ಬರುವ ಹೊತ್ತಿಗೆ ಅದು ಆ ಕೋಣೆಯಲ್ಲಿರುತ್ತಿರಲಿಲ್ಲ. ನಾಯಿ ಎದ್ದು ಹೋಗಿ ಹುಡುಗನ ಮುಖ ನೆಕ್ಕಿತು. ಹುಡುಗ ಹೆದರಲಿಲ್ಲ, ಅಪ್ಪಿಕೊಂಡ. ತಾಯಿ ಬಿಡಿಸಲು ಹೋದಳು. ಬೇಡವೆಂದು ಲೆವಿನ್‌ಸನ್ ಸನ್ನೆ ಮಾಡಿದ. ಹೊರಡುವಾಗ ಹುಡುಗ, ಮತ್ತೆ ಬಂದು ಈ ನಾಯಿಯೊಡನೆ ಆಡಬಹುದೇ ಎಂದು ಕೇಳಿದ. ಎಷ್ಟೋ ಸಲ ಆತ ನಾಯಿಯೊಡನೆಯೇ ಆಡಿದ; ವೈದ್ಯನೊಬ್ಬ ಕೋಣೆಯಲ್ಲಿದ್ದಾನೆಂಬುದನ್ನೇ ಗಮನಿಸಲಿಲ್ಲ. ಮೆಲ್ಲಮೆಲ್ಲಗೆ ನಾಯಿಯ ಮೇಲಿದ್ದ ಅಕ್ಕರೆಯಲ್ಲಿ ಒಂದು ಪಾಲು ಅದರ ಒಡೆಯನಿಗೂ ಬಂತು. 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಾವೇಶದಲ್ಲಿ ಲೆವಿನ್‌ಸನ್ ಈ ಅನುಭವವನ್ನು ಮಂಡಿಸಿದಾಗ ಸಭಿಕರಲ್ಲಿ ಹಲವರು ನಕ್ಕರಂತೆ. ಫೀಸಿನಲ್ಲಿ ನಾಯಿಗೂ ಪಾಲುಂಟೆ ಎಂದು ಕೇಳಿದವರಿದ್ದರಂತೆ. ಆತ ಬಿಡಲಿಲ್ಲ. 1962ರಲ್ಲಿ ಲೇಖನ ಬರೆದ, 1969ರಲ್ಲಿ ಒಂದು ಪುಸ್ತಕವನ್ನೇ ಬರೆದ. ನನ್ನ ಶಿಷ್ಯೆಯ ಸಭೆಯಲ್ಲಿ ನಕ್ಕವರಿಗೆ ಈ ಪೂರ್ವಪರಂಪರೆ ಉಂಟೆಂದು ತಿಳಿದರೆ ಸಂತೋಷವಾದೀತು.

ಲೆವಿನ್‌ಸನ್‌ನದು ಆಕಸ್ಮಿಕ; ನನ್ನದೂ ಆಕಸ್ಮಿಕ. ವ್ಯತ್ಯಾಸವೇನೆಂದರೆ, ಆಕಸ್ಮಿಕವಾದ ಮೇಲೆ ಆತ ವರ್ಷಗಟ್ಟಲೆ ಕುಳಿತು ಯೋಚಿಸಿದ, ಯಾವ ಮಗುವಿಗೆ ಇದು ತಕ್ಕದ್ದು, ಯಾವುದಕ್ಕೆ ಅಲ್ಲ ಎಂದು ವಿಚಾರಿಸಿದ. ನಾನು ಯೋಚಿಸಲಿಲ್ಲ. ಇನ್ನು ನಾಯಿಯ ಕಥೆಯನ್ನು ಹೇಳಬೇಕು.

1989. ಅಷ್ಟರಲ್ಲಿ ನಾನು ಅಧ್ಯಾಪಕನಾಗಿದ್ದೆ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆಂದು ಒಂದು ಮಕ್ಕಳ ಆಶ್ರಮಕ್ಕೆ ಹೋಗುತ್ತಿದ್ದೆ. ಅದರ ಹೆಸರು ಇಲ್ಲಿ ಬೇಡ, ತಪ್ಪು ಅವರದಲ್ಲ. ಅಲ್ಲಿ ಎಂಟು ವರ್ಷದ ಒಬ್ಬ ಹುಡುಗನಿದ್ದ. ರೈಲ್ವೆ ನಿಲ್ದಾಣದಲ್ಲಿ ಸಿಕ್ಕವನು; ಊರು ಯಾವುದೆಂದು ಹೇಳುವವನಲ್ಲ, ಯಾರೊಡನೆಯೂ ಕೂಡಿ ಆಡುವವನಲ್ಲ. ಮೂರು ತಿಂಗಳು ಬಿಡದೆ ಹೋದ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂಡುವಷ್ಟು ಸಲಿಗೆ ಬೆಳೆದಿತ್ತು. ಅಷ್ಟು ಸಾಲದೆ? ನನಗೆ ಸಾಲಲಿಲ್ಲ. ಲೆವಿನ್‌ಸನ್ ತಲೆಯಲ್ಲಿ ಕುಣಿಯುತ್ತಿದ್ದ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕಂದು ಬಣ್ಣದ, ಬಹಳ ಸಾಧುವಾದ ನಾಯಿಯಿತ್ತು. ಒಂದು ಭಾನುವಾರ ಮಧ್ಯಾಹ್ನ ಅದನ್ನು ಕರೆದುಕೊಂಡು ಹೋದೆ. ಒಡೆಯರು ಬರಲಿಲ್ಲ, ನಾಯಿಯ ಸರಪಳಿ ನನ್ನ ಕೈಯಲ್ಲಿತ್ತು.

ನಲವತ್ತು ಮಕ್ಕಳು ಒಮ್ಮೆಗೇ ಸುತ್ತುಗಟ್ಟಿದರು. ಕೂಗು, ಚಪ್ಪಾಳೆ. ನಾಯಿ ಆಕಳಿಸಿತು, ಹಾಯಾಗಿದೆ, ನಿದ್ದೆ ಬರುತ್ತಿದೆ ಎಂದು ನಾನು ಮಕ್ಕಳಿಗೆ ಹೇಳಿ ನಗಿಸಿದೆ. ಮತ್ತೆ ಮತ್ತೆ ತುಟಿ ನೆಕ್ಕಿಕೊಂಡಿತು, ಹಸಿದಿದೆಯೆಂದುಕೊಂಡೆ. ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡಿತು, ನಾಚಿಕೆಯೆಂದುಕೊಂಡೆ. ಅಷ್ಟು ಹೊತ್ತು ದೂರ ನಿಂತಿದ್ದ ಆ ಹುಡುಗ ಹಿಂದಿನಿಂದ ಬಂದು, ಎರಡು ತೋಳುಗಳಿಂದಲೂ ಅದರ ಕುತ್ತಿಗೆಯನ್ನು ತಬ್ಬಿದ. ನನ್ನ ಮನಸ್ಸು ಹಿಗ್ಗಿತು. ನಾನು ಪುಸ್ತಕದಲ್ಲಿ ಓದಿದ್ದ ಅದೇ ಗಳಿಗೆ ಬಂತೆಂದು ತಿಳಿದೆ. ನಾಯಿ ತಿರುಗಿ ಅವನ ಮಣಿಕಟ್ಟನ್ನು ಕಚ್ಚಿತು.

ಗಾಯ ದೊಡ್ಡದಾಗಿರಲಿಲ್ಲ. ಆದರೆ ನಾಯಿಗೆ ಲಸಿಕೆ ಹಾಕಿಸಿದ್ದ ದಾಖಲೆ ಇರಲಿಲ್ಲ. ನಾನು ಮೊದಲೇ ಕೇಳಿರಲೂ ಇಲ್ಲ. ಆ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದದ್ದು ಹೊಟ್ಟೆಗೆ ದಿನದಿನವೂ ಚುಚ್ಚುವ ಹಳೆಯ ಬಗೆಯ ಲಸಿಕೆ. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಪ್ರತಿದಿನವೂ ನಾನೇ ಹುಡುಗನನ್ನು ಕರೆದುಕೊಂಡು ಹೋದೆ. ಅವನು ಅಳಲಿಲ್ಲ. ಮೂರನೆಯ ದಿನ ಸಾಲಿನಲ್ಲಿ ನಿಂತಿದ್ದಾಗ, “ನಾನು ಅದಕ್ಕೆ ಏನೂ ಮಾಡ್ಲಿಲ್ಲ ಸಾರ್,” ಎಂದ. ಏನೂ ಮಾಡಿರಲಿಲ್ಲ, ನಿಜ. ನಾಯಿಯೂ ಏನೂ ಮಾಡಿರಲಿಲ್ಲ. ತನಗೆ ಸಾಕಾಯಿತೆಂದು ತನಗೆ ತಿಳಿದ ಭಾಷೆಯಲ್ಲೆಲ್ಲ ಹೇಳಿ, ಕೇಳುವವರಿಲ್ಲದೆ, ಕೊನೆಗೆ ಕಚ್ಚಿತ್ತು. ಹತ್ತು ದಿನ ಕಟ್ಟಿಹಾಕಿ ನೋಡಿದ ಮೇಲೆ ಅದನ್ನು ಮಲೆನಾಡಿನ ಯಾವುದೋ ತೋಟಕ್ಕೆ ಕೊಟ್ಟುಬಿಟ್ಟರು. ಚುಚ್ಚುಮದ್ದು ಮುಗಿದ ಮೇಲೆ ಹುಡುಗ ನನ್ನ ಪಕ್ಕದಲ್ಲಿ ಕೂಡುವುದನ್ನು ಬಿಟ್ಟ. ಮೂರು ತಿಂಗಳಲ್ಲಿ ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕೆಡವಿದ್ದೆ.

ಹಲವು ವರ್ಷಗಳ ಮೇಲೆ, ಪ್ರಾಣಿಗಳ ನಡವಳಿಕೆಯನ್ನು ಕುರಿತ ಒಂದು ಪಾಠವನ್ನು ಓದುತ್ತಿದ್ದಾಗ, ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುವುದು, ತಿನಿಸಿಲ್ಲದಾಗ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ತೋರುವುದು, ನೆನೆಯದೆಯೇ ಮೈ ಕೊಡವುವುದು—ಇವು ನಾಯಿ ಕಳವಳಗೊಂಡಿದೆ ಎಂಬುದರ ಗುರುತುಗಳು ಎಂಬ ಸಾಲುಗಳು ಕಣ್ಣಿಗೆ ಬಿದ್ದವು. ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

‘ಅದರಲ್ಲಿ ಕಲಿಸುವುದಕ್ಕೇನಿದೆ’ ಎಂದವರಿಗೆ ನನ್ನ ಉತ್ತರ ಇದು. ಕಲಿಸುವವರು ಏನನ್ನು ಕಲಿಸುತ್ತಾರೆಂಬುದನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಡೆನ್ವರ್ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ಶಾಲೆಯಲ್ಲಿ ಮನುಷ್ಯ-ಪ್ರಾಣಿ ಸಂಬಂಧದ ಅಧ್ಯಯನಕ್ಕೆಂದೇ 2005ರಿಂದ ಒಂದು ಸಂಸ್ಥೆಯಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಇದನ್ನು ವಿಶೇಷ ವಿಷಯವಾಗಿ ಓದಬಹುದು. ಟೆನೆಸ್ಸಿ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಎಲಿಜಬೆತ್ ಸ್ಟ್ರ್ಯಾಂಡ್ ಅವರು ‘ಪಶುವೈದ್ಯ ಸಮಾಜಕಾರ್ಯ’ವೆಂಬ ಶಾಖೆಯನ್ನೇ ಆರಂಭಿಸಿದರು. ಪ್ರಾಣಿ ಸತ್ತಾಗ ಮನೆಯವರಿಗೆ ಆಗುವ ದುಃಖ, ಪ್ರಾಣಿಗಳ ನೋವನ್ನು ದಿನವೂ ನೋಡುವ ಪಶುವೈದ್ಯರ ಬಳಲಿಕೆ, ಪ್ರಾಣಿಹಿಂಸೆಗೂ ಮನೆಯೊಳಗಿನ ಹಿಂಸೆಗೂ ಇರುವ ನಂಟು, ಪ್ರಾಣಿಗಳ ನೆರವಿನ ಚಿಕಿತ್ಸೆ—ಇಷ್ಟೂ ಅದರ ವ್ಯಾಪ್ತಿ. ಉಳುವ ಎತ್ತು ಸತ್ತ ರೈತನ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲವೆಂಬುದನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಮೊದಲನೆಯದನ್ನು ಯಾರೂ ವಿವರಿಸಬೇಕಾಗಿಲ್ಲ.

ಪ್ರಾಣಿಯನ್ನು ಕರೆದೊಯ್ಯುವ ಮುನ್ನ ಅದನ್ನು ಪರೀಕ್ಷಿಸುವ ಕ್ರಮ ನನಗೆ ಬಹಳ ಹಿಡಿಸಿತು. 1977ರಲ್ಲಿ ಡೆಲ್ಟಾ ಸೊಸೈಟಿಯೆಂದು ಹುಟ್ಟಿ, ಈಗ ಪೆಟ್ ಪಾರ್ಟ್‌ನರ್ಸ್ ಎಂದು ಹೆಸರಾಗಿರುವ ಸಂಸ್ಥೆಯವರು ಪ್ರಾಣಿಯೊಂದನ್ನೇ ಪರೀಕ್ಷಿಸುವುದಿಲ್ಲ. ಪ್ರಾಣಿ ಮತ್ತು ಅದನ್ನು ಹಿಡಿದವರು, ಇಬ್ಬರನ್ನೂ ಜೋಡಿಯಾಗಿ ನೋಡುತ್ತಾರೆ. ಅಪರಿಚಿತರು ಒಡ್ಡೊಡ್ಡಾಗಿ ಸವರುತ್ತಾರೆ, ಬಿಗಿಯಾಗಿ ತಬ್ಬುತ್ತಾರೆ. ಒಬ್ಬರು ತೂರಾಡಿಕೊಂಡು ಬರುತ್ತಾರೆ, ಇಬ್ಬರು ಜಗಳವಾಡಿದಂತೆ ಕೂಗುತ್ತಾರೆ, ಹಿಂದಿನಿಂದ ಬಂದು ತಾಕುತ್ತಾರೆ. ಆಗ ನಾಯಿ ಏನು ಮಾಡುತ್ತದೆ ಎಂಬುದರಷ್ಟೇ, ಹಿಡಿದವರು ನಾಯಿಯನ್ನು ಗಮನಿಸುತ್ತಿದ್ದಾರೆಯೇ ಎಂಬುದೂ ಮುಖ್ಯ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಅದನ್ನು ಕೆಲಸಕ್ಕೆ ಒಯ್ಯುವ ಹಾಗಿಲ್ಲ. ಅಂದಿನ ನನ್ನ ಭಾನುವಾರಕ್ಕೆ ಈ ಪರೀಕ್ಷೆಯನ್ನು ಹಚ್ಚಿ ನೋಡಿದರೆ ನಾಯಿ ಎಲ್ಲಿ ಸೋಲುತ್ತಿತ್ತೋ ಹೇಳಲಾರೆ. ನಾನಂತೂ ಬಾಗಿಲಲ್ಲೇ ಸೋಲುತ್ತಿದ್ದೆ. ಮಗುವನ್ನು ನೋಡುವ ಕಣ್ಣೂ ನಾಯಿಯನ್ನು ನೋಡುವ ಕಣ್ಣೂ ಒಂದೇ ಆದರೆ ಎರಡರಲ್ಲಿ ಒಂದು ತಪ್ಪಿಹೋಗುತ್ತದೆ. ಆದ್ದರಿಂದ ಚಿಕಿತ್ಸೆ ಮಾಡುವವರು ಬೇರೆ, ಪ್ರಾಣಿಯನ್ನು ಹಿಡಿಯುವವರು ಬೇರೆ ಇರುವುದು ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ.

ಇನ್ನೊಂದು ಸೂಕ್ಷ್ಮ. ಸುಮ್ಮನೆ ಆಸ್ಪತ್ರೆಗೆ ನಾಯಿಯನ್ನು ಕರೆದುಕೊಂಡು ಹೋಗಿ ರೋಗಿಗಳನ್ನು ನಗಿಸಿ ಬರುವುದು ಒಂದು. ಗುರಿಯಿಟ್ಟು, ಲಿಖಿತವಾಗಿ ಗೊತ್ತುಮಾಡಿ, ಪ್ರತಿಸಲವೂ ಅಳೆದು ನೋಡುವ ಚಿಕಿತ್ಸೆ ಇನ್ನೊಂದು. ಈ ಕ್ಷೇತ್ರದ ಅಂತರರಾಷ್ಟ್ರೀಯ ಒಕ್ಕೂಟ 2014ರಲ್ಲಿ ಹೊರಡಿಸಿ 2018ರಲ್ಲಿ ತಿದ್ದಿದ ಪತ್ರದಲ್ಲಿ ಈ ಭೇದವನ್ನು ಬಿಡಿಸಿ ಹೇಳಿದ್ದಾರೆ. ಈ ಕೆಲಸಕ್ಕೆ ಸಾಕುಪ್ರಾಣಿಗಳೇ ಆಗಬೇಕು, ಪಳಗಿಸಿದ್ದಾದರೂ ಆನೆ, ಡಾಲ್ಫಿನ್, ಕೋತಿಗಳನ್ನು ಎಳೆದು ತರಬಾರದೆಂದೂ ಅದರಲ್ಲಿದೆ. ನ್ಯೂಯಾರ್ಕ್ ಸಂಸ್ಥಾನದ ಬ್ರೂಸ್ಟರ್‌ನಲ್ಲಿ 1947ರಲ್ಲಿ ಸ್ಯಾಮ್ಯುಅಲ್ ರಾಸ್ ಆರಂಭಿಸಿದ ಗ್ರೀನ್ ಚಿಮ್ನೀಸ್ ಎಂಬ ಶಾಲೆಯ ಸುದ್ದಿಯನ್ನು ಓದಿದಾಗ ಈ ಮಾತು ನೆನಪಾಯಿತು. ಮನಸ್ಸು ನೊಂದ ಮಕ್ಕಳು ಅಲ್ಲಿ ಕುರಿ, ಮೇಕೆ, ಕುದುರೆಗಳ ಆರೈಕೆ ಮಾಡುತ್ತಾರೆ. ಗಾಯಗೊಂಡ ಗಿಡುಗ, ಗೂಬೆಗಳೂ ಅಲ್ಲಿಗೆ ಬರುತ್ತವೆ. ಆದರೆ ಅವನ್ನು ಮುದ್ದಿಸುವುದಕ್ಕಿಲ್ಲ. ವಾಸಿಯಾದ ಮೇಲೆ ಹಾರಿಬಿಡುವುದಕ್ಕೆ. ಯಾರು ಯಾರನ್ನು ಬಿಟ್ಟುಹೋದರೆಂಬುದೇ ಬಾಳಿನ ಕಥೆಯಾದ ಮಗು, ತನ್ನ ಕೈಯಾರೆ ಒಂದು ಹಕ್ಕಿಯನ್ನು ಬಿಟ್ಟುಕೊಡುವುದನ್ನು ಕಲಿಯುತ್ತದೆ. ಇದನ್ನು ಯೋಚಿಸಿದವರು ಮಕ್ಕಳನ್ನು ಬಲ್ಲವರು.

ಅಮೆರಿಕದಲ್ಲಿ ಎಲ್ಲರೂ ಹೀಗೆ ಕಲಿತೇ ಇಳಿಯುತ್ತಾರೆಂದು ತಿಳಿಯಬಾರದು. ಕ್ರಿಸ್ಟಿನಾ ರಿಸ್ಲೆ-ಕರ್ಟಿಸ್ 2010ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ 1,600ಕ್ಕೂ ಹೆಚ್ಚು ಸಮಾಜ ಕಾರ್ಯಕರ್ತರು ಉತ್ತರ ಕೊಟ್ಟಿದ್ದರು. ಮನೆಯಲ್ಲಿ ಪ್ರಾಣಿಗಳುಂಟೆ ಎಂದು ಕೇಳುತ್ತಿದ್ದವರು ಮೂವರಲ್ಲಿ ಒಬ್ಬರು. ಚಿಕಿತ್ಸೆಯಲ್ಲಿ ಅವನ್ನು ಸೇರಿಸಿಕೊಳ್ಳುತ್ತಿದ್ದವರು ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ. ಇದಕ್ಕೆಂದು ತರಬೇತಿ ಪಡೆದಿದ್ದವರೋ ತೀರ ಕೆಲವರು. ನನ್ನ 1989ರ ಭಾನುವಾರ ಅಲ್ಲಿಯೂ ಎಷ್ಟೋ ಸಲ ನಡೆದಿರಬೇಕು.

ಗುಣವಾಗುತ್ತದೆಂಬುದಕ್ಕೆ ಪ್ರಮಾಣವೇನು ಎಂದು ಕೇಳುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ, ಇರಬೇಕು. 1980ರಲ್ಲಿ ಎರಿಕಾ ಫ್ರೀಡ್ಮನ್ ಮತ್ತು ಸಂಗಡಿಗರು ಹೃದ್ರೋಗದಿಂದ ಚೇತರಿಸಿಕೊಂಡು ಮನೆಗೆ ಹೋದ 92 ಜನರನ್ನು ಒಂದು ವರ್ಷ ಅನುಸರಿಸಿ ನೋಡಿದರು. ಪ್ರಾಣಿ ಸಾಕಿದ್ದ 53 ಜನರಲ್ಲಿ ಸತ್ತವರು 3. ಸಾಕದಿದ್ದ 39 ಜನರಲ್ಲಿ 11. ನಾಯಿಯನ್ನು ಸವರುತ್ತ ಕುಳಿತಾಗ ಮಮತೆಗೆ ಸಂಬಂಧಿಸಿದ ಆಕ್ಸಿಟೋಸಿನ್ ಎಂಬ ರಸ ಮನುಷ್ಯನಲ್ಲಿಯೂ ನಾಯಿಯಲ್ಲಿಯೂ ಏರುತ್ತದೆಂದು ದಕ್ಷಿಣ ಆಫ್ರಿಕದ ಓಡೆಂಡಾಲ್ 2003ರಲ್ಲಿ ತೋರಿಸಿದರು. ಕೇಳಲು ಇಂಪು. ಆದರೆ ಇಂಥ ಅಧ್ಯಯನಗಳಲ್ಲಿ ಬಹುಪಾಲು ಸಣ್ಣವು. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲದವು ಎಷ್ಟೋ. ಮುಂದಿನ ಸಂಶೋಧನೆಗಳೆಲ್ಲ ಒಂದೇ ಮಾತನ್ನು ಹೇಳಿಯೂ ಇಲ್ಲ. ನಾಯಿ ರೋಗವನ್ನು ವಾಸಿಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಟ್ಟವನಲ್ಲ. ಬಾಗಿಲು ತೆರೆಯುತ್ತದೆ, ಒಳಗೆ ಹೋಗಿ ಕೆಲಸ ಮಾಡುವವರು ನಾವು.

ನಮ್ಮ ನಾಡಿಗೆ ಇದನ್ನು ಹೇಗೆ ತರಬೇಕೆಂಬುದು ನನ್ನ ಶಿಷ್ಯೆಯ ಮುಂದಿನ ಪ್ರಶ್ನೆ. ವಿದೇಶದ ತಳಿಯ ಹೊಂಬಣ್ಣದ ನಾಯಿಗಳನ್ನು ತರಿಸಿ ಶುರುಮಾಡುವುದಾದರೆ ಬೇಡ ಎಂದೆ. ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾಯಿಯನ್ನು ಕಂಡು ಹಿಂಜರಿಯುವ ತಾಯಿಯ ಭಯವನ್ನು ಮೌಢ್ಯವೆಂದು ಬರೆದುಕೊಳ್ಳುವ ಕಾರ್ಯಕರ್ತ ನಮಗೆ ಬೇಡ. ನಾಯಿಯನ್ನು ಒಳಗೆ ಸೇರಿಸದ ಮನೆಗಳುಂಟು. ಅದು ಅವರ ಮನೆ. ನಮ್ಮ ಹಳ್ಳಿಗಳಲ್ಲಿ ಪ್ರಾಣಿ ಎಂದರೆ ಬರಿಯ ಮುದ್ದಿನ ವಸ್ತುವಲ್ಲ. ಅದು ಸಾಲ ತೀರಿಸುವ ಹಾಲು, ಮಗಳ ಮದುವೆಗೆಂದು ಬೆಳೆಸಿದ ಟಗರು, ಅತ್ತೆ ಕಾಣದ ಹಾಗೆ ಸೊಸೆ ಕೂಡಿಟ್ಟ ಕೋಳಿಮೊಟ್ಟೆಯ ಕಾಸು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಅಮೆರಿಕದ ಯೂಟಾ ಸಂಸ್ಥಾನದಲ್ಲಿ, ಗಂಡನ ಹೊಡೆತ ತಾಳಲಾರದೆ ಆಶ್ರಯಗೃಹಕ್ಕೆ ಬಂದಿದ್ದ 38 ಹೆಂಗಸರನ್ನು ಫ್ರಾಂಕ್ ಅಸಿಯೋನ್ ಮಾತನಾಡಿಸಿ 1998ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರಾಣಿ ಸಾಕಿದ್ದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ, ಗಂಡ ಆ ಪ್ರಾಣಿಯನ್ನು ಹಿಂಸಿಸಿದ್ದಾನೆ, ಇಲ್ಲವೆ ಹಿಂಸಿಸುತ್ತೇನೆಂದು ಹೆದರಿಸಿದ್ದಾನೆ ಎಂದರು. ಅದನ್ನು ಬಿಟ್ಟು ಬರಲಾರದೆ ಹೊಡೆತ ತಿನ್ನುತ್ತ ಉಳಿದವರೂ ಅವರಲ್ಲಿದ್ದರು. ಆಶ್ರಯಗೃಹಗಳಲ್ಲಿ ಪ್ರಾಣಿಗಳಿಗೂ ಜಾಗ ಮಾಡಲು ಹಣ ಒದಗಿಸುವ ಕಾನೂನು ಅಲ್ಲಿ 2018ರಲ್ಲಿ ಆಯಿತು. ಇದನ್ನು ಓದಿದಾಗ ನನಗೆ ಕಂಡದ್ದು ಯೂಟಾ ಅಲ್ಲ. ಎರಡು ಮೇಕೆಗಳನ್ನು ಯಾರ ಕೈಗೆ ಒಪ್ಪಿಸಲಿ ಎಂದು ತವರಿಗೆ ಹೋಗದೆ ಉಳಿದ, ನಾವು ‘ನಿರ್ಧಾರಶಕ್ತಿಯಿಲ್ಲದವಳು’ ಎಂದು ಬರೆದುಕೊಂಡ ಹೆಂಗಸರ ಮುಖಗಳು.

ಆದ್ದರಿಂದ ಶಿಷ್ಯೆಗೆ ಹೇಳಿದೆ: ಐಚ್ಛಿಕ ವಿಷಯ ಆಮೇಲಾಗಲಿ, ಪಶುವೈದ್ಯ ಕಾಲೇಜಿನವರೊಬ್ಬರನ್ನು ಕರೆಸಿ ನಿನ್ನ ವಿದ್ಯಾರ್ಥಿಗಳಿಗೆ ನಾಲ್ಕು ದಿನ ಪ್ರಾಣಿಗಳನ್ನು ನೋಡುವುದನ್ನು ಕಲಿಸು. ಮುಟ್ಟುವುದನ್ನಲ್ಲ, ನೋಡುವುದನ್ನು. ಅದಕ್ಕೂ ಮೊದಲು ನಿನ್ನ ಪ್ರಶ್ನೆಗಳ ಹಾಳೆಯಲ್ಲಿ ಒಂದು ಸಾಲು ಸೇರಿಸು: ಮನೆಯಲ್ಲಿ ಪ್ರಾಣಿಗಳುಂಟೆ? ಈಗ ಅವನ್ನು ನೋಡಿಕೊಳ್ಳುವವರು ಯಾರು?

ದೀಪಾವಳಿ ಕಳೆದ ಮೇಲೆ ಆಕೆಯಿಂದ ಒಂದು ಲಕೋಟೆ ಬಂತು. ವಿದ್ಯಾರ್ಥಿಯೊಬ್ಬ ವೃದ್ಧಾಶ್ರಮದಲ್ಲಿ ತುಂಬಿಸಿ ತಂದ ಹಾಳೆಯ ಪ್ರತಿ; ಹೆಸರು, ಊರನ್ನು ಅಳಿಸಿ ಕಳುಹಿಸಿದ್ದಳು. ಎಪ್ಪತ್ತೆಂಟು ವರ್ಷದ ಮುದುಕರು. ಮಕ್ಕಳೆಷ್ಟು ಎಂಬಲ್ಲಿ ‘ಮೂರು’ ಎಂದಿತ್ತು. ಆರೋಗ್ಯ ಹೇಗಿದೆ ಎಂಬಲ್ಲಿ ‘ಪರವಾಗಿಲ್ಲ’. ಆಶ್ರಮದಲ್ಲಿ ಏನಾದರೂ ಕೊರತೆ ಉಂಟೆ ಎಂಬಲ್ಲಿ ‘ಇಲ್ಲ’. ಹೊಸದಾಗಿ ಸೇರಿಸಿದ ಸಾಲಿಗೆ ಬಿಟ್ಟ ಜಾಗ ಸಾಲದೆ ಬರಹ ಅಂಚಿಗೆ ಹತ್ತಿತ್ತು, ಅಲ್ಲಿಂದ ಹಾಳೆಯ ಹಿಂಬದಿಗೆ ತಿರುಗಿತ್ತು. ಜೋಡಿ ಎತ್ತುಗಳು, ಅವುಗಳ ಹಲ್ಲು, ಸುಳಿ, ಬಣ್ಣ. ಯಾವ ಜಾತ್ರೆಯಲ್ಲಿ ಕೊಂಡದ್ದು, ಎಡಗೋಲಿಗೆ ಯಾವುದು, ಬಲಗೋಲಿಗೆ ಯಾವುದು, ಮಾರಿದ ದಿನ ಯಾವುದು ಹಿಂತಿರುಗಿ ನೋಡಿತು. ಕೊನೆಯಲ್ಲಿ ವಿದ್ಯಾರ್ಥಿ ತನ್ನ ಅಕ್ಷರದಲ್ಲಿ ಬರೆದಿದ್ದ: ‘ಹಾಳೆ ಮುಗಿಯಿತು. ನಾಳೆ ಇನ್ನೆರಡು ಹಾಳೆ ತೆಗೆದುಕೊಂಡು ಬಾ ಎಂದಿದ್ದಾರೆ.’